ಕಾಣಿಕೆ ಕೇಳುವವರು ಲೆಕ್ಕವನ್ನೂ ಕೊಡಬೇಕು

ಭಾನುವಾರದ ಆರಾಧನೆಯಲ್ಲಿ ಹಣದ ಮಾತು ಬಂತೆಂದರೆ ಅದು ಬಹುಪಾಲು ಕೊಡುವವರನ್ನು ಕುರಿತೇ ಇರುತ್ತದೆ. ದಶಾಂಶ ಕೊಟ್ಟಿದ್ದೀರಾ, ವರ್ಷದ ವಂತಿಗೆ ಬಾಕಿ ಇದೆಯೇ, ಕಟ್ಟಡ ನಿಧಿಗೆ ಬರೆಸಿದ ಮೊತ್ತ ಸಂದಾಯವಾಯಿತೇ ಎಂದು ಕೇಳುವ ರೂಢಿ ಒಂದಲ್ಲ ಒಂದು ರೂಪದಲ್ಲಿ ಎಲ್ಲ ಪಂಗಡಗಳಲ್ಲೂ ಇದೆ. ದಶಾಂಶವನ್ನು ದೇವರ ಭಂಡಾರಕ್ಕೆ ತನ್ನಿರೆಂದು ಮಲಾಕಿ ಪ್ರವಾದಿ ಹೇಳಿದ ಭಾಗ ಕಿವಿಗೆ ಬೀಳದ ಸಭಿಕರು ವಿರಳ. ಹೀಗೆ ಬಂದ ಹಣ ಎಷ್ಟು, ಸಂಬಳಕ್ಕೆ ಹೋದದ್ದೆಷ್ಟು, ಕಟ್ಟಡಕ್ಕೆ ಎಷ್ಟು, ಬಡವರ ಮನೆ ತಲುಪಿದ್ದೆಷ್ಟು ಎಂಬುದನ್ನು ಅಷ್ಟೇ ಗಟ್ಟಿ ದನಿಯಲ್ಲಿ ಹೇಳುವ ರೂಢಿ ಎಲ್ಲ ಕಡೆ ಇಲ್ಲ. ಪೈಸೆ ಪೈಸೆಗೂ ಲೆಕ್ಕ ಇಡುವ ಧರ್ಮಕೇಂದ್ರಗಳೂ ಸಭೆಗಳೂ ನಮ್ಮಲ್ಲಿವೆ. ಅವುಗಳ ಖಜಾಂಚಿಗಳು ಯಾವ ಪ್ರತಿಫಲವನ್ನೂ ಬಯಸದೆ ರಾತ್ರಿಯೆಲ್ಲ ಕೂತು ರಶೀದಿ ಹೊಂದಿಸುತ್ತಾರೆ. ಅವರ ಆ ಶ್ರಮ ಇಡೀ ಸಮುದಾಯದ ನಿಯಮವಾಗಬೇಕು. ಕಾಣಿಕೆ ಕೇಳುವ ಹಕ್ಕಿನ ಬೆನ್ನಿಗೇ ಲೆಕ್ಕ ಕೊಡುವ ಹೊಣೆಯೂ ಬರುತ್ತದೆ. ಅದು ಸರ್ಕಾರವೋ ಆಡಿಟರೋ ಹೊರಗಿನಿಂದ ಹೇರಿದ್ದಲ್ಲ, ಕ್ರೈಸ್ತ ನಂಬಿಕೆಯ ಒಳಗೇ ಇರುವಂಥದ್ದು. ಆ ಲೆಕ್ಕದಲ್ಲಿ ಕೊಟ್ಟವರ ಮನೆಯ ಕಷ್ಟಕ್ಕೂ ಒಂದು ಜಾಗ ಬೇಕು. ಸಾಲದಲ್ಲಿ ಮುಳುಗಿದ ಕುಟುಂಬದಿಂದ ಹತ್ತರಲ್ಲೊಂದು ಪಾಲು ಪಡೆದು, ಆ ಸಾಲದ ಬಗ್ಗೆ ಒಂದು ಮಾತೂ ವಿಚಾರಿಸದ ಸಭೆ ತನ್ನ ಕೆಲಸದಲ್ಲಿ ಅರ್ಧವನ್ನಷ್ಟೇ ಮಾಡಿದೆ.

ಇದಕ್ಕೆ ಮೊದಲ ಸಾಕ್ಷ್ಯ ಬೈಬಲ್ಲಿನಲ್ಲೇ ಇದೆ. ಕ್ರಿಸ್ತಶಕ ಮೊದಲ ಶತಮಾನದ ನಡುಭಾಗದಲ್ಲಿ ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಸಂತ ಪೌಲರು ಗಲಾತ್ಯ, ಮಕೆದೋನ್ಯ, ಅಖಾಯ ಪ್ರಾಂತ್ಯಗಳ ಸಭೆಗಳಲ್ಲಿ ಹಣ ಸಂಗ್ರಹಿಸಿದರು. ಅದು ಹೇಗೆ ನಡೆಯಿತು ಎಂಬುದಕ್ಕೆ ಕೊರಿಂಥದವರಿಗೆ ಅವರು ಬರೆದ ಎರಡು ಪತ್ರಗಳಲ್ಲಿ ವಿವರ ಸಿಗುತ್ತದೆ. ಪ್ರತಿಯೊಬ್ಬರೂ ವಾರದ ಮೊದಲ ದಿನ ತಮ್ಮ ಗಳಿಕೆಗೆ ತಕ್ಕಷ್ಟನ್ನು ತೆಗೆದಿರಿಸಬೇಕು, ತಾನು ಬಂದ ಮೇಲೆ ವಸೂಲಿಯ ಗಡಿಬಿಡಿ ಬೇಡ ಎಂದು ಮೊದಲ ಪತ್ರದಲ್ಲಿ ತಿಳಿಸುತ್ತಾರೆ. ಹಣ ಒಯ್ಯುವವರನ್ನು ಕೊಟ್ಟವರೇ ಆರಿಸಬೇಕು; ಅವರಿಗೆ ಪರಿಚಯ ಪತ್ರ ಕೊಟ್ಟು ಕಳಿಸುತ್ತೇನೆ, ಅಗತ್ಯ ಕಂಡರೆ ಮಾತ್ರ ತಾನೂ ಜೊತೆಗೆ ಹೋಗುತ್ತೇನೆ ಎನ್ನುತ್ತಾರೆ. ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ತೀತನ ಜೊತೆಗೆ, ಸಭೆಗಳೇ ನೇಮಿಸಿದ ಇನ್ನೊಬ್ಬ ಸಹೋದರನನ್ನು ಕಳಿಸುವುದಾಗಿ ಬರೆದು ಕಾರಣವನ್ನೂ ಮುಚ್ಚುಮರೆಯಿಲ್ಲದೆ ಕೊಡುತ್ತಾರೆ: ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಮ್ಮತ್ತ ಬೆರಳು ತೋರಿಸುವಂತಾಗಬಾರದು, ದೇವರ ಕಣ್ಣಿಗೆ ಸರಿಯಿದ್ದರೆ ಸಾಲದು, ಮನುಷ್ಯರ ಕಣ್ಣಿಗೂ ಸರಿಯಾಗಿ ಕಾಣಬೇಕು. ಅಪೊಸ್ತಲರ ಕೃತ್ಯಗಳ ಇಪ್ಪತ್ತನೆಯ ಅಧ್ಯಾಯ ಆ ಪ್ರಯಾಣದ ಸಂಗಡಿಗರನ್ನು ಊರು ಸಮೇತ ಹೆಸರಿಸುತ್ತದೆ. ಬೆರೋಯದ ಸೋಪತ್ರ, ಥೆಸಲೊನೀಕದ ಅರಿಸ್ತಾರ್ಕ ಮತ್ತು ಸೆಕುಂದ, ದೆರ್ಬೆಯ ಗಾಯ, ತಿಮೊಥೆ, ಆಸ್ಯ ಪ್ರಾಂತ್ಯದ ತುಖಿಕ ಮತ್ತು ತ್ರೊಫಿಮ ಹೀಗೆ ಏಳು ಮಂದಿ. ಇವರು ಬೇರೆ ಬೇರೆ ಸಭೆಗಳ ಪರವಾಗಿ ಹಣದ ಜೊತೆ ಹೊರಟವರೆಂದೇ ಅನೇಕ ವಿದ್ವಾಂಸರು ಭಾವಿಸುತ್ತಾರೆ. ಆ ಕಾಲದ ಸಭೆಗಳಲ್ಲಿ ಪೌಲರಿಗಿಂತ ಹೆಚ್ಚು ಗೌರವ ಪಡೆದ ಬೋಧಕರು ಎಷ್ಟು ಮಂದಿ ಇದ್ದಾರು? ನನ್ನನ್ನು ನಂಬಿರಿ, ಉಳಿದದ್ದು ದೇವರಿಗೆ ಬಿಡಿ ಎಂದು ಅವರು ಹೇಳಿದ್ದರೆ ಜನ ಕೊಡುತ್ತಿದ್ದರೋ ಏನೋ. ಅವರು ಹಾಗೆ ಹೇಳಲಿಲ್ಲ. ದುಡ್ಡಿನ ಚೀಲದ ಪಕ್ಕ ಸಾಕ್ಷಿಗಳನ್ನು ನಿಲ್ಲಿಸಿದರು.

ಸುವಾರ್ತೆಗಳೂ ಈ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿಲ್ಲ. ಯೇಸುಸ್ವಾಮಿಯ ಶಿಷ್ಯಮಂಡಲಿಯ ಹಣದ ಚೀಲ ಯೂದ ಇಸ್ಕರಿಯೋತನ ಕೈಯಲ್ಲಿತ್ತು, ಅವನು ಅದರಿಂದ ಕದಿಯುತ್ತಿದ್ದ ಎಂದು ಯೋಹಾನನ ಸುವಾರ್ತೆ ನೇರವಾಗಿ ಹೇಳುತ್ತದೆ. ಆ ಸಂಗದಲ್ಲೇ ಹೀಗಾದ ಮೇಲೆ, ಒಳ್ಳೆಯವರ ನಡುವೆ ಲೆಕ್ಕ ಯಾಕೆ ಎಂಬ ಪ್ರಶ್ನೆ ನಿಲ್ಲುವುದಿಲ್ಲ. ಆದಿ ಸಭೆಯಲ್ಲಿ ದಿನದ ಹಂಚಿಕೆಯಾಗುವಾಗ ಗ್ರೀಕ್ ಭಾಷೆಯ ವಿಧವೆಯರಿಗೆ ಪಾಲು ಸಿಗುತ್ತಿಲ್ಲ ಎಂಬ ದೂರು ಎದ್ದಾಗ ಅಪೊಸ್ತಲರು ದೂರಿದವರನ್ನು ಗದರಿಸಲಿಲ್ಲ. ನೀವೇ ಏಳು ಜನರನ್ನು ಆರಿಸಿಕೊಳ್ಳಿ ಎಂದು ಜವಾಬ್ದಾರಿಯನ್ನು ಸಮುದಾಯಕ್ಕೇ ವಹಿಸಿದರು.

ಸಭೆಗಳ ಸ್ವಂತ ಕಟ್ಟಳೆಗಳೂ ಇದೇ ಹಾದಿಯಲ್ಲಿವೆ. ಕಥೋಲಿಕ ಸಭೆಯ 1983ರ ಧರ್ಮಶಾಸನ ಸಂಹಿತೆಯ 537ನೇ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕಷ್ಟೇ ಬಳಸಬೇಕೆಂದು 1267ನೇ ವಿಧಿ ಹೇಳುತ್ತದೆ. ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕೆಂದು 1287ನೇ ವಿಧಿ ವಿಧಿಸುತ್ತದೆ. 1947ರಲ್ಲಿ ರೂಪುಗೊಂಡ ಸಿಎಸ್‌ಐನಂಥ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಪಾಸ್ಟರೇಟ್ ಕಮಿಟಿಯೂ ಖಜಾಂಚಿಯೂ ಇರುತ್ತಾರೆ. ನಿಯಮ ಇದೆ, ಅದು ನೋಟಿಸ್ ಬೋರ್ಡಿನವರೆಗೆ ಬರುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಯಾವ ದೊಡ್ಡ ಸಭೆಗೂ ಸೇರದ ಸ್ವತಂತ್ರ ಸಭೆಗಳಲ್ಲಿ ಈ ಮೇಲ್ವಿಚಾರಣೆಯೂ ಇರುವುದಿಲ್ಲ. ಪಾಸ್ಟರು, ಅವರ ಪತ್ನಿ, ಹತ್ತಿರದ ನೆಂಟರಷ್ಟೇ ಟ್ರಸ್ಟಿಗಳಾಗಿರುವ ಕಡೆ ಲೆಕ್ಕ ಕೇಳುವವರು ಯಾರು, ಹೇಳುವವರು ಯಾರು? ಇನ್ನೊಂದು ಸಂಗತಿ ಮನಸ್ಸಿಗೆ ಚುಚ್ಚುತ್ತದೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆ ಎಫ್‌ಸಿಆರ್‌ಎ ಕಾನೂನಿನಂತೆ ದೆಹಲಿಯ ಸ್ಟೇಟ್ ಬ್ಯಾಂಕಿನ ನಿಗದಿತ ಶಾಖೆಯಲ್ಲಿ ಖಾತೆ ತೆರೆದು, ಪ್ರತಿ ವರ್ಷ ಆಡಿಟ್ ಮಾಡಿಸಿ, ಗೃಹ ಸಚಿವಾಲಯಕ್ಕೆ ವಿವರ ಸಲ್ಲಿಸಬೇಕು. ಹೊರದೇಶದ ದಾನಿಯ ಹಣಕ್ಕೆ ಇಷ್ಟೆಲ್ಲ ಕಾಗದ ಸಿದ್ಧವಾಗುವಾಗ, ಬೀಡಿ ಕಟ್ಟಿ ಉಳಿಸಿದ ಹತ್ತು ರೂಪಾಯಿಯನ್ನು ಕಾಣಿಕೆ ಚೀಲಕ್ಕೆ ಹಾಕಿದ ಅಜ್ಜಿಗೆ ಒಂದು ಹಾಳೆಯ ಲೆಕ್ಕ ಕೊಡುವುದು ಕಷ್ಟ ಎನ್ನುವುದನ್ನು ಒಪ್ಪಲಾಗದು.

ಲೆಕ್ಕ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಿಂಗಪುರದ ಸಿಟಿ ಹಾರ್ವೆಸ್ಟ್ ಚರ್ಚಿನ ಪ್ರಕರಣವನ್ನು ನೋಡಬಹುದು. ಪಾಸ್ಟರ ಪತ್ನಿಯ ಪಾಪ್ ಸಂಗೀತದ ಮೂಲಕ ಸುವಾರ್ತೆ ಸಾರುತ್ತೇವೆಂದು ಕಟ್ಟಡ ನಿಧಿಯ ಹಣವನ್ನು ಹೆಸರಿಗಷ್ಟೇ ಇದ್ದ ಬಾಂಡ್‌ಗಳಲ್ಲಿ ತೊಡಗಿಸಿ, ಆಮೇಲೆ ಅದನ್ನು ಮರೆಮಾಚಲು ಇನ್ನಷ್ಟು ಹಣ ತಿರುಗಿಸಲಾಯಿತು. ಒಟ್ಟು ಸುಮಾರು 5 ಕೋಟಿ ಸಿಂಗಪುರ ಡಾಲರ್. 2015ರಲ್ಲಿ ನ್ಯಾಯಾಲಯ ಪಾಸ್ಟರನ್ನೂ ಸೇರಿಸಿ ಆರು ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಅವರು ಹಣವನ್ನು ಸ್ವಂತ ಜೇಬಿಗೆ ಇಳಿಸಿಕೊಂಡಿರಲಿಲ್ಲ ಎಂದು ವಾದಿಸಿದವರಿದ್ದರು. ನನಗೆ ಮುಖ್ಯವಾಗಿ ಕಾಣುವುದೇ ಅದು. ಕಳ್ಳತನದ ಉದ್ದೇಶ ಇಲ್ಲದವರೂ ಮುಚ್ಚಿದ ಬಾಗಿಲ ಹಿಂದೆ, ದೇವರ ಕೆಲಸವೇ ಎಂದು ನಂಬಿ, ಬೇರೆಯವರು ಬೇರೆ ಕಾರ್ಯಕ್ಕೆ ಕೊಟ್ಟ ಹಣವನ್ನು ತಮಗೆ ತೋಚಿದಂತೆ ಬಳಸಬಲ್ಲರು. ಕಟ್ಟಡಕ್ಕೆಂದು ಕೊಟ್ಟ ಜನರನ್ನು ಒಮ್ಮೆ ಕೇಳಿದ್ದರೆ ಆ ಪ್ರಕರಣ ಅಲ್ಲೇ ನಿಲ್ಲುತ್ತಿತ್ತು.

ಇಲ್ಲಿ ಒಂದು ಗಂಭೀರ ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕಲಾಗದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. ಚರ್ಚಿನ ಹಣವೆಂದರೆ ಮತಾಂತರದ ಹಣ, ವಿದೇಶದ ಹಣ ಎಂದು ಸಂಶಯದಿಂದ ನೋಡುವ ವಾತಾವರಣ ಸುತ್ತ ಇದೆ. ಇಂಥ ಹೊತ್ತಿನಲ್ಲಿ ಪುಸ್ತಕ ಬಿಚ್ಚಿಟ್ಟರೆ ಶತ್ರುವಿನ ಕೈಗೆ ಕೋಲು ಕೊಟ್ಟಂತಾಗುವುದಿಲ್ಲವೇ ಎಂದು ಕೇಳುವವರ ಭಯ ಸುಳ್ಳಲ್ಲ. ಆದರೆ ಸಂಶಯ ಬೆಳೆಯುವುದು ಕತ್ತಲೆಯಲ್ಲಿ. ಶಿಕ್ಷಕಿಯ ಸಂಬಳ, ವಿದ್ಯುತ್ ಬಿಲ್ಲು, ಮೂರು ಡಯಾಲಿಸಿಸ್ ರೋಗಿಗಳ ನೆರವು, ಛಾವಣಿ ದುರಸ್ತಿ ಎಂದು ಬರೆದ ಪಟ್ಟಿಯಿಂದ ಗುಲ್ಲೆಬ್ಬಿಸುವುದಕ್ಕಿಂತ, ಪಟ್ಟಿಯೇ ಇಲ್ಲದ ಕಡೆ ಗುಲ್ಲೆಬ್ಬಿಸುವುದು ಸುಲಭ. ಸಂವಿಧಾನದ 26ನೇ ವಿಧಿ ಧಾರ್ಮಿಕ ಪಂಗಡಗಳಿಗೆ ಆಸ್ತಿ ಹೊಂದುವ, ಅದನ್ನು ನಿರ್ವಹಿಸುವ ಹಕ್ಕು ಕೊಟ್ಟಿದೆ. ಆ ನಿರ್ವಹಣೆ ಕಾನೂನಿಗೆ ಅನುಗುಣವಾಗಿರಬೇಕು ಎಂಬ ಷರತ್ತೂ ಅಲ್ಲೇ ಇದೆ. ಕೇರಳದಲ್ಲಿ 2019ರಲ್ಲಿ ನ್ಯಾಯಮೂರ್ತಿ ಕೆ.ಟಿ. ಥಾಮಸ್ ನೇತೃತ್ವದ ಕಾನೂನು ಸುಧಾರಣಾ ಆಯೋಗ ಚರ್ಚ್ ಆಸ್ತಿಗಳ ಬಗ್ಗೆ ಒಂದು ಕರಡು ಮಸೂದೆ ಮುಂದಿಟ್ಟಿತು. ಬಿಷಪರು ಬಲವಾಗಿ ವಿರೋಧಿಸಿದರು, ಸರ್ಕಾರ ಹಿಂದೆ ಸರಿಯಿತು. ಸರ್ಕಾರ ಚರ್ಚಿನ ಪೆಟ್ಟಿಗೆಗೆ ಕೈಹಾಕಬಾರದೆಂಬ ಬಿಷಪರ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಆ ಕರಡನ್ನು ಬಯಸಿದವರಲ್ಲಿ ಕ್ರೈಸ್ತರೇ ಇದ್ದರು ಎಂಬುದನ್ನು ಮರೆಯಬಾರದು. ತಮ್ಮ ಸಭೆಯಲ್ಲಿ ಲೆಕ್ಕ ಕೇಳಿ ಉತ್ತರ ಸಿಗದವರೇ ಕಾನೂನಿನ ಬಾಗಿಲು ತಟ್ಟುತ್ತಾರೆ. ಸ್ವಾಯತ್ತತೆ ಉಳಿಯಬೇಕಿದ್ದರೆ ಆ ಉತ್ತರ ಒಳಗೇ ಸಿಗಬೇಕು.

ಇನ್ನೊಂದು ಆಕ್ಷೇಪ ಪರ್ವತ ಪ್ರಸಂಗವನ್ನು ಆಧರಿಸಿದ್ದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಯೇಸು ಕಲಿಸಿದ ಮೇಲೆ ಪಟ್ಟಿ, ಪ್ರಕಟಣೆ ಯಾಕೆ ಎನ್ನುತ್ತಾರೆ. ಆ ಬೋಧನೆ ಕೊಡುವವನ ಪ್ರದರ್ಶನದ ವಿರುದ್ಧ. ಖರ್ಚು ಮಾಡುವವನಿಗೆ ಅದು ಅನ್ವಯಿಸುವುದಿಲ್ಲ. ಎಷ್ಟೋ ಕಡೆ ನಡೆಯುತ್ತಿರುವುದು ಅದರ ತಿರುವುಮುರುವು: ದಾನಿಗಳ ಹೆಸರು ಅಮೃತಶಿಲೆಯ ಮೇಲೆ ಕೆತ್ತಿರುತ್ತದೆ, ಖರ್ಚಿನ ವಿವರ ಬೀರುವಿನಲ್ಲಿ ಬೀಗ ಹಾಕಿರುತ್ತದೆ. ಯಾರು ಎಷ್ಟು ಕೊಟ್ಟರೆಂದು ಓದಿ ಹೇಳುವ ಪದ್ಧತಿಯನ್ನು ಬಿಟ್ಟು, ಹಣ ಎಲ್ಲಿಗೆ ಹೋಯಿತೆಂದು ಓದಿ ಹೇಳುವ ಪದ್ಧತಿ ಬಂದರೆ ಆ ಬೋಧನೆಯನ್ನೇ ಪಾಲಿಸಿದಂತಾಗುತ್ತದೆ. ಲೆಕ್ಕ ಕೇಳುವುದು ಗುರುಗಳ ಮೇಲಿನ ಅಪನಂಬಿಕೆ ಎಂಬ ಮಾತೂ ಕೇಳಿಬರುತ್ತದೆ. ಸುಳ್ಳು ಆಪಾದನೆ ಬಂದ ದಿನ ಪ್ರಾಮಾಣಿಕ ಪಾದ್ರಿಯನ್ನು ಕಾಯುವುದು ಸಹಿಯಾದ ರಶೀದಿಯೇ ಹೊರತು ಜನರ ಒಳ್ಳೆಯ ಅಭಿಪ್ರಾಯವಲ್ಲ.

ಇನ್ನು ಕೊಡುವವರ ಮನೆಯ ಕಡೆ ನೋಡೋಣ. ತಿಂಗಳಿಗೆ 15,000 ರೂಪಾಯಿ ದುಡಿಯುವ ಒಂದು ಕುಟುಂಬಕ್ಕೆ ದಶಾಂಶವೆಂದರೆ 1,500. ಅದೇ ಕುಟುಂಬ ಆಸ್ಪತ್ರೆ ಖರ್ಚಿಗೆಂದು 30,000 ರೂಪಾಯಿ ಕೈಸಾಲ ಮಾಡಿದ್ದು, ತಿಂಗಳಿಗೆ ನೂರಕ್ಕೆ ಐದರಂತೆ ಬಡ್ಡಿ ಕಟ್ಟುತ್ತಿದೆ ಎನ್ನಿ. ಬಡ್ಡಿಯೂ 1,500. ಅಸಲು ಒಂದು ರೂಪಾಯಿಯೂ ಕರಗದು. ದಶಾಂಶಕ್ಕೆ ಎತ್ತಿಡುವ ಹಣ ಇಪ್ಪತ್ತು ತಿಂಗಳು ಅಸಲಿಗೆ ಸಂದರೆ ಸಾಲ ತೀರುತ್ತದೆ; ಅಸಲು ಇಳಿದಂತೆ ಬಡ್ಡಿಯೂ ಇಳಿಯುವುದರಿಂದ ಇನ್ನೂ ಬೇಗನೆ. ಈ ಮನೆಗೆ ಸಭೆ ಏನು ಹೇಳಬೇಕು? ಮೊದಲು ದೇವರದ್ದು, ಆಮೇಲೆ ಸಾಲಗಾರನದ್ದು ಎನ್ನುವ ಬೋಧಕರಿದ್ದಾರೆ; ಕೊಟ್ಟರೆ ದೇವರು ದುಪ್ಪಟ್ಟು ಮಾಡುತ್ತಾನೆಂದು ಭರವಸೆ ಕೊಡುವವರೂ ಇದ್ದಾರೆ. ಇದು ಬೈಬಲ್ಲಿನ ದಶಾಂಶವಲ್ಲ. ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯದಂತೆ ಮೂರು ವರ್ಷಕ್ಕೊಮ್ಮೆ ದಶಾಂಶವನ್ನು ಊರಲ್ಲೇ ಕೂಡಿಡುತ್ತಿದ್ದುದು ಭೂಮಿಯಿಲ್ಲದ ಲೇವಿಯರು, ಪರದೇಶಿಗಳು, ತಬ್ಬಲಿಗಳು, ವಿಧವೆಯರು ಉಂಡು ತೃಪ್ತರಾಗಲೆಂದು. ಹೊಸ ಒಡಂಬಡಿಕೆಯಲ್ಲಿ ಪೌಲರು ಶೇಕಡಾವಾರು ಗೊತ್ತುಮಾಡಲಿಲ್ಲ. ಬಲವಂತವಿಲ್ಲದೆ, ಇದ್ದಷ್ಟರಲ್ಲಿ ಕೊಡಿ ಎಂದರು. ತಂದೆತಾಯಿಯ ಪೋಷಣೆಗೆ ಸಲ್ಲಬೇಕಾದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ಕೈತೊಳೆದುಕೊಳ್ಳುವುದನ್ನು ಯೇಸುಸ್ವಾಮಿ ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಕಟುವಾಗಿ ಖಂಡಿಸುತ್ತಾರೆ. ಮನೆಯವರನ್ನು ಹಸಿವಿಗೆ ದೂಡಿ ತಂದ ಕಾಣಿಕೆಗೆ ದೇವಾಲಯದಲ್ಲಿ ಸ್ಥಾನವಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಗಿದೆ.

ಎರಡು ಕಾಸು ಹಾಕಿದ ಬಡ ವಿಧವೆಯ ಪ್ರಸಂಗವನ್ನು ಇದಕ್ಕೆ ಎದುರಾಗಿ ತರುವುದುಂಟು. ತನ್ನ ಜೀವನಕ್ಕೆ ಇದ್ದದ್ದನ್ನೆಲ್ಲ ಆಕೆ ಹಾಕಲಿಲ್ಲವೇ? ಹೌದು, ಆಕೆಯ ಭಕ್ತಿ ದೊಡ್ಡದು. ಆದರೆ ಮಾರ್ಕನ ಸುವಾರ್ತೆಯಲ್ಲಿ ಆ ಪ್ರಸಂಗದ ಹಿಂದಿನ ಮಾತನ್ನೂ ಮುಂದಿನದನ್ನೂ ಬಿಡದೆ ಓದಬೇಕು. ಹಿಂದೆ ಇರುವುದು ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಮೇಲಿನ ಎಚ್ಚರಿಕೆ. ಮುಂದೆ ಇರುವುದು ದೇವಾಲಯದ ಭವ್ಯ ಕಟ್ಟಡ ಕಲ್ಲಿನ ಮೇಲೆ ಕಲ್ಲು ಉಳಿಯದಂತೆ ಬೀಳುತ್ತದೆ ಎಂಬ ಮುನ್ಸೂಚನೆ. ಇವೆರಡರ ನಡುವೆ ನಿಂತ ಆ ವಿಧವೆಯನ್ನು ಯೇಸು ಹೊಗಳಿದ್ದಷ್ಟೇ ಅಲ್ಲ, ಆಕೆಗಾಗಿ ಮರುಗಿದರು ಎಂದು ಕೆಲವು ವಿದ್ವಾಂಸರು ಓದುತ್ತಾರೆ. ನನಗೆ ಆ ಓದು ಸರಿಯೆನಿಸುತ್ತದೆ. ಕೈ ಬರಿದು ಮಾಡಿಕೊಂಡು ಆಕೆ ಮನೆಗೆ ಹೋದ ಮೇಲೆ ಅಂದಿನ ಊಟಕ್ಕೇನು ಎಂದು ಕೇಳಬೇಕಾದವರು ಆಕೆಯ ಕಾಸು ಪಡೆದವರೇ.

ಈ ಪ್ರಶ್ನೆಯನ್ನು ಕೇಳಿಕೊಂಡವರು ಸಭೆಯ ಇತಿಹಾಸದಲ್ಲಿ ಕಡಿಮೆಯಿಲ್ಲ. ಹದಿನೈದನೆಯ ಶತಮಾನದ ಇಟಲಿಯಲ್ಲಿ ಬಡವರು ಬಡ್ಡಿಯ ಬಾಯಿಗೆ ಬೀಳುವುದನ್ನು ಕಂಡ ಫ್ರಾನ್ಸಿಸ್ಕನ್ ಸನ್ಯಾಸಿಗಳು ಅಡವಿಟ್ಟು ಅಗ್ಗದ ಸಾಲ ಪಡೆಯುವ ನಿಧಿಗಳನ್ನು ತೆರೆಸಿದರು. 1462ರಲ್ಲಿ ಪೆರೂಜಾದಲ್ಲಿ ಆರಂಭವಾದದ್ದು ಅವುಗಳಲ್ಲಿ ಮೊದಮೊದಲಿನದು. ಖರ್ಚಿಗೆಂದು ಪಡೆಯುವ ಅಲ್ಪ ಶುಲ್ಕವೂ ಬಡ್ಡಿಯೇ ಅಲ್ಲವೇ ಎಂಬ ವಾಗ್ವಾದ ದಶಕಗಳ ಕಾಲ ನಡೆದು, ಕೊನೆಗೆ 1515ರಲ್ಲಿ ಲ್ಯಾಟರನ್ ಮಹಾಸಭೆ ಆ ನಿಧಿಗಳಿಗೆ ಒಪ್ಪಿಗೆ ಕೊಟ್ಟಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಕ್ರೈಸ್ತರಾದ ಮೇಲೆ ಕುಲಕಸುಬನ್ನೂ ನೆಂಟರ ಆಸರೆಯನ್ನೂ ಕಳೆದುಕೊಂಡವರಿಗೆ ಬೋಧನೆಯಷ್ಟೇ ಸಾಲದೆಂದು ಅರಿತು ಮಗ್ಗಗಳನ್ನು ಹಾಕಿಸಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚು ಹೊದೆಸಿದ ಮನೆಗಳ ಹಿಂದೆ ಹೀಗೊಂದು ಸಭೆಯ ಹಣಕಾಸಿನ ಚಿಂತನೆಯಿದೆ. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮದೇ ಸಹಕಾರಿ ಬ್ಯಾಂಕು ಕಟ್ಟಿಕೊಂಡರು. ಅದು ಇಂದಿಗೂ ನಡೆಯುತ್ತಿದೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಂಗಸರು 1910ರ ಸುಮಾರಿಗೆ ಶುರುಮಾಡಿದ ಹಿಡಿ ಅಕ್ಕಿಯ ಕಾಣಿಕೆ ಇನ್ನೊಂದು ಬಗೆಯ ಪಾಠ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದಿಡುತ್ತಾರೆ, ಕೂಡಿದ ಅಕ್ಕಿಯನ್ನು ಮಾರಿ ಸಭೆಗೆ ಕೊಡುತ್ತಾರೆ. ಅದಕ್ಕಾಗಿ ಯಾರೂ ಸಾಲ ಮಾಡಬೇಕಿಲ್ಲ. ಒಲೆಯ ಮೇಲೆ ಪಾತ್ರೆ ಏರಿದ ದಿನ ಮಾತ್ರ ಕೊಡುವ ಪಾಲು ಅದು.

ಕರ್ನಾಟಕದಲ್ಲಿ ಕಿರುಸಾಲ ವಸೂಲಿಯ ಕಿರುಕುಳ ಎಷ್ಟರ ಮಟ್ಟಿಗೆ ಹೋಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲದ ಕಂತು ಕಟ್ಟಲಾಗದೆ ಮನೆಬಾಗಿಲು ಹಾಕಿಕೊಂಡು ಕೂತವರಲ್ಲಿ ಕ್ರೈಸ್ತರು ಇಲ್ಲವೆಂದು ಯಾವ ಸಭೆಯೂ ಅಂದುಕೊಳ್ಳಬಾರದು. ಸಂತ ವಿನ್ಸೆಂಟ್ ದಿ ಪಾವ್ಲ್ ಸಂಘದವರು ಎಷ್ಟೋ ಧರ್ಮಕೇಂದ್ರಗಳಲ್ಲಿ ಮನೆ ಮನೆಗೆ ಹೋಗಿ ಕಷ್ಟ ವಿಚಾರಿಸುತ್ತಾರೆ. ಆ ಕೆಲಸಕ್ಕೆ ಸಭೆಯ ಬಜೆಟ್ಟಿನಲ್ಲಿ ಗಟ್ಟಿಯಾದ ಪಾಲು ಸಿಗಬೇಕು, ಮೀಟರ್ ಬಡ್ಡಿಯ ಕೈಸಾಲ ತೀರಿಸಲು ಬಡ್ಡಿಯಿಲ್ಲದ ನೆರವು ಅದರಲ್ಲಿ ಸೇರಬೇಕು. ಮನೆಯವರ ಕಡೆಯಿಂದಲೂ ಬದಲಾವಣೆ ಬೇಕು. ಗೋಪುರ ಕಟ್ಟಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಲೂಕನ ಸುವಾರ್ತೆಯಲ್ಲಿ ಯೇಸುಸ್ವಾಮಿ ಕೇಳುವ ಪ್ರಶ್ನೆ ಶಿಷ್ಯತ್ವವನ್ನು ಕುರಿತದ್ದಾದರೂ, ಮದುವೆಗೆ ಮುಂಚಿನ ರೋಸ್ ಶಾಸ್ತ್ರಕ್ಕೆ ಒಂದು ಹಾಲ್, ಮದುವೆಗೆ ಇನ್ನೊಂದು ಹಾಲ್ ಎಂದು ಸಾಲ ಎತ್ತುವ ಮನೆಗಳಿಗೂ ಸಲ್ಲುತ್ತದೆ. ಮದುವೆಗೆ ಮುಂಚಿನ ತಯಾರಿ ಶಿಬಿರಗಳಲ್ಲಿ ಗಂಡುಹೆಣ್ಣು ಇಬ್ಬರೂ ತಮ್ಮ ಆದಾಯ, ಸಾಲ, ಊರಿಗೆ ಕಳಿಸಬೇಕಾದ ಹಣವನ್ನು ಒಂದೇ ಹಾಳೆಯಲ್ಲಿ ಬರೆದು ಪರಸ್ಪರ ತೋರಿಸುವಂತಾಗಬೇಕು. ತನ್ನ ಲೆಕ್ಕ ಬಿಚ್ಚಿಟ್ಟ ಸಭೆ ಮಾತ್ರ ಇದನ್ನು ನಾಚಿಕೆಯಿಲ್ಲದೆ ಹೇಳಿಕೊಡಬಲ್ಲದು.

ಇದೆಲ್ಲ ದೊಡ್ಡ ಚರ್ಚುಗಳಿಗೆ ಸರಿ, ನಲವತ್ತು ಮನೆಗಳ ನಮ್ಮ ಸಭೆ ಆಡಿಟರಿಗೆ ಎಲ್ಲಿಂದ ಕೊಟ್ಟೀತು ಎನ್ನುವವರಿಗೆ ಉತ್ತರ ಸರಳವಾಗಿದೆ. ಆರಾಧನೆ ಮುಗಿದ ಕೂಡಲೇ ಒಂದೇ ಮನೆಯವರಲ್ಲದ ಇಬ್ಬರು ಕೂತು ಕಾಣಿಕೆ ಎಣಿಸಿ, ಮೊತ್ತ ಬರೆದು ಸಹಿ ಹಾಕಲಿ. ಸೋಮವಾರ ಅದು ಸಭೆಯ ಹೆಸರಿನ ಖಾತೆಗೆ ಜಮೆಯಾಗಲಿ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಫೋನಿನಲ್ಲಿ ಯಾರ ಹೆಸರು ಮೂಡುತ್ತದೆ ಎಂದು ಸಭಿಕರೇ ನೋಡಲಿ. ಅಲ್ಲಿ ಪಾಸ್ಟರರ ಸ್ವಂತ ಹೆಸರಿದ್ದರೆ ಮೊದಲು ಅದು ಬದಲಾಗಲಿ. ತಿಂಗಳಿಗೊಮ್ಮೆ ಬಂದದ್ದು, ಹೋದದ್ದು, ಉಳಿದದ್ದು ಬರೆದ ಒಂದು ಹಾಳೆ ಸಭಿಕರ ಭಾಷೆಯಲ್ಲಿ ನೋಟಿಸ್ ಬೋರ್ಡಿಗೆ ಬರಲಿ, ಬಡವರ ನಿಧಿಗೂ ಕಟ್ಟಡ ನಿಧಿಗೂ ಬೇರೆ ಬೇರೆ ಸಾಲು ಇರಲಿ. ಇದಕ್ಕೆ ಬೇಕಾದ್ದು ಒಂದು ನೋಟ್‌ಪುಸ್ತಕ. ವಾರ್ಷಿಕ ಸಭೆಯಲ್ಲಿ ಕೇಳಿಯೂ ಈ ಹಾಳೆ ಬಾರದಿದ್ದರೆ ಸಭಿಕರು ಏನು ಮಾಡಬೇಕು? ಸಭಾಪಾಲಕರ ಸಂಬಳಕ್ಕೆ ಸಲ್ಲುವ ವಂತಿಗೆಯನ್ನು ನಿಲ್ಲಿಸಬಾರದು. ಅವರ ಮನೆಯೂ ಒಲೆ ಹಚ್ಚಬೇಕು, ದುಡಿದವನಿಗೆ ಕೂಲಿ ಸಲ್ಲಬೇಕೆಂದು ಪೌಲರೂ ವಾದಿಸಿದ್ದಾರೆ. ಕಟ್ಟಡ ನಿಧಿಯ ಕಂತನ್ನು ಮಾತ್ರ ಲೆಕ್ಕ ಬರುವ ತನಕ ತಡೆದು, ಆ ಹಣದಲ್ಲಿ ತಮ್ಮದೇ ಸಭೆಯ ಒಂದು ಮನೆಯ ಬಡ್ಡಿಸಾಲವನ್ನು ನೇರವಾಗಿ ತೀರಿಸಬಹುದು. ಹಾಗೆ ಮಾಡುತ್ತಿದ್ದೇವೆಂದು ಕಮಿಟಿಗೆ ಬರವಣಿಗೆಯಲ್ಲಿ ತಿಳಿಸಿ, ಸಾಲ ಕೊಟ್ಟವರಿಂದ ಪಡೆದ ರಶೀದಿಯ ಪ್ರತಿಯನ್ನೂ ಅದರ ಜೊತೆ ಲಗತ್ತಿಸಬೇಕು.